ಕಾದಿದ ನೆಲವನ್ನು ಕಾಯುವುದು

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಂಚಿಕೆಯ ವಿಷಯ: 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ರಣಭೂಮಿಗಳು.

ಪ್ರಶ್ನೆ: ಗೆಟಿಸ್‌ಬರ್ಗ್, ಆಂಟೀಟಮ್‌ ಚಿತ್ರಗಳಲ್ಲಿ ಹೊಲ, ಬೇಲಿ, ದಿಣ್ಣೆ ಬಿಟ್ಟರೆ ಏನೂ ಕಾಣುವುದಿಲ್ಲ. ಕೋಟೆಯೋ ಅರಮನೆಯೋ ಆದರೆ ಸರಿ, ಬರೀ ಹೊಲದಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ?

ಉತ್ತರ: ಆ ಹೊಲದ ಏರಿಳಿತವೇ ಇದೆ. ಆಂಟೀಟಮ್‌ನ ತಗ್ಗುದಾರಿಯನ್ನು ನೋಡಿ. ಗಾಡಿಗಳು ಓಡಾಡಿ ಓಡಾಡಿ ಸವೆದು ಅಕ್ಕಪಕ್ಕದ ಹೊಲಕ್ಕಿಂತ ಕೆಳಗಿಳಿದಿದ್ದ ಹಳ್ಳಿದಾರಿ ಅದು. 1862ರ ಸೆಪ್ಟೆಂಬರ್ 17ರಂದು ದಕ್ಷಿಣದ ಕಾನ್ಫೆಡರೇಟ್ ಸೈನಿಕರು ಅದರೊಳಗೆ ಸಾಲಾಗಿ ನಿಂತಿದ್ದರು. ಎದುರಿನಿಂದ ಬಂದ ಉತ್ತರದ ಯೂನಿಯನ್ ಸೈನಿಕರಿಗೆ ನಡುವಿನ ದಿಣ್ಣೆಯ ನೆತ್ತಿ ಏರುವವರೆಗೂ ಅವರು ಸರಿಯಾಗಿ ಕಾಣಲಿಲ್ಲ. ಕಂಡಾಗ ಅಂತರ ನೂರು ಗಜದ ಆಸುಪಾಸು. ಮುಂದೆ ಯೂನಿಯನ್ ಪಡೆ ದಾರಿಯ ತಿರುವಿನ ಬಳಿಯ ಎತ್ತರ ಹಿಡಿದು ಉದ್ದಕ್ಕೂ ಗುಂಡು ಹಾರಿಸತೊಡಗಿದಾಗ ಅದೇ ತಗ್ಗು ಒಳಗಿದ್ದವರಿಗೆ ಬೋನಾಯಿತು. ಆ ಒಂದೇ ದಿನ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000.

ಈಗ ಆ ದಿಣ್ಣೆಯ ನೆತ್ತಿಯನ್ನು ವಾಹನ ನಿಲ್ದಾಣಕ್ಕೆಂದು ಹತ್ತಡಿ ಕೊರೆದರು ಎಂದುಕೊಳ್ಳಿ. ತಗ್ಗುದಾರಿ ಹಾಗೆಯೇ ಉಳಿದಿದ್ದರೂ ಅಲ್ಲಿ ಅಷ್ಟು ಜನ ಏಕೆ ಸತ್ತರು ಎಂಬುದು ನಿಂತು ನೋಡಿದವರಿಗೆ ಅರ್ಥವಾಗುವುದಿಲ್ಲ. ನೂರು ಫಲಕ ನೆಟ್ಟರೂ ಅದು ಮರಳಿ ಬಾರದು. ಈ ಕೆಲಸದಲ್ಲಿರುವವರು ನೆಲವನ್ನು ಸೇನಾಧಿಕಾರಿಯ ಕಣ್ಣಿನಿಂದ ಐದು ಬಗೆಯಲ್ಲಿ ಓದುತ್ತಾರೆ. ಯಾವ ಎತ್ತರ ಹಿಡಿದವನಿಗೆ ಮೇಲುಗೈ, ಎಲ್ಲಿಂದ ಎಲ್ಲಿಯವರೆಗೆ ಕಣ್ಣು ಮತ್ತು ಗುಂಡು ಹೋಗುತ್ತದೆ, ಎಲ್ಲಿ ಮರೆ ಸಿಗುತ್ತದೆ, ಯಾವುದು ತಡೆಯುತ್ತದೆ, ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹಿಂದೆಗೆಯಬಹುದು. ಈ ಐದರ ಇಂಗ್ಲಿಷ್ ಮೊದಲಕ್ಷರ ಕೂಡಿಸಿ 'ಕೊಕೋವಾ' ಎನ್ನುತ್ತಾರೆ. ಸ್ಮಾರಕ, ಫಿರಂಗಿ, ಪ್ರತಿಮೆಗಳೆಲ್ಲ ಯುದ್ಧ ಮುಗಿದ ಮೇಲೆ ಬಂದವು. ಗೆಟಿಸ್‌ಬರ್ಗ್‌ನಲ್ಲಿ ಅಂಥವು 1,300ಕ್ಕೂ ಹೆಚ್ಚಿವೆ. ಅವಕ್ಕೂ ಬೆಲೆಯಿದೆ, ಆದರೆ ಎರಡನೆಯ ಸ್ಥಾನದಲ್ಲಿ.

ಪ್ರಶ್ನೆ: ಸಾವಿರಾರು ಕಡೆ ಕಾಳಗ ನಡೆದಿರಬೇಕಲ್ಲ? ಯಾವುದನ್ನು ಉಳಿಸಬೇಕು, ಎಲ್ಲಿಂದ ಎಲ್ಲಿಯವರೆಗೆ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಅಮೆರಿಕದ ಸಂಸತ್ತು 1990ರಲ್ಲಿ ಇದಕ್ಕೆಂದೇ ಒಂದು ಸಲಹಾ ಆಯೋಗ ರಚಿಸಿತು. ಸಣ್ಣಪುಟ್ಟ ಚಕಮಕಿ ಸೇರಿ ಸುಮಾರು 10,500 ಘಟನೆಗಳನ್ನು ಜಾಲಿಸಿ 384 ಮುಖ್ಯ ರಣಭೂಮಿಗಳ ಪಟ್ಟಿಯನ್ನು ಆಯೋಗ 1993ರಲ್ಲಿ ಕೊಟ್ಟಿತು. ಯುದ್ಧದ ಗತಿಯನ್ನೇ ತಿರುಗಿಸಿದ 45 ಕದನಗಳು 'ಎ' ವರ್ಗದಲ್ಲಿವೆ. ಉಳಿದವು ಬಿ, ಸಿ, ಡಿ. ಪಟ್ಟಿ ಮಾಡುವ ಹೊತ್ತಿಗೇ 71 ಕಡೆ ನೆಲ ಗುರುತು ಸಿಗದಷ್ಟು ಬದಲಾಗಿತ್ತು.

ಗಡಿ ಹಾಕುವಾಗ ಮೂರು ಗೆರೆ ಎಳೆಯುತ್ತಾರೆ. ಮೊದಲನೆಯದು ಸೈನ್ಯಗಳು ಬಂದ ದಾರಿ, ತಂಗಿದ ಜಾಗ, ಆಸ್ಪತ್ರೆ ಎಲ್ಲವನ್ನೂ ಒಳಗೊಂಡ ಅಧ್ಯಯನ ವಲಯ. ಎರಡನೆಯದು ಅದರೊಳಗೆ ನೇರ ಹೊಡೆದಾಟ ನಡೆದ ತಿರುಳು ವಲಯ. ಮೂರನೆಯದು ಈ ಎರಡರಲ್ಲಿ ಇಂದಿಗೂ ಹಳೆಯ ರೂಪ ಉಳಿಸಿಕೊಂಡಿರುವ ಭಾಗ. ದುಡ್ಡು ಹುಡುಕಬೇಕಾದದ್ದು ಈ ಮೂರನೆಯ ಗೆರೆಯೊಳಗಿನ ನೆಲಕ್ಕೆ.

ಆಧಾರಕ್ಕೆ ಎರಡೂ ಸೈನ್ಯಗಳ ವರದಿ, ಪತ್ರಗಳ 128 ಸಂಪುಟಗಳ ಅಧಿಕೃತ ಸಂಕಲನವಿದೆ. ಅದನ್ನು ಕಣ್ಣುಮುಚ್ಚಿ ನಂಬಿದವರು ಎಡವುತ್ತಾರೆ. ಅಧಿಕಾರಿಗಳು ವರದಿ ಬರೆದದ್ದು ದಿನಗಳೋ ವಾರಗಳೋ ಕಳೆದ ಮೇಲೆ. ಆಗ ಗಡಿಯಾರಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಗೆಯ ನಡುವೆ ಅಂದಾಜಿಸಿದ 'ಕಾಲು ಮೈಲಿ' ನೆಲದ ಮೇಲೆ ಅರ್ಧ ಮೈಲಿಯಾಗಿರಬಹುದು. ಆದ್ದರಿಂದ ವರದಿಯಲ್ಲಿ ಬರುವ ಹಳ್ಳ, ಕವಲುದಾರಿ, ಚರ್ಚು, ತೋಟದಮನೆಗಳನ್ನು ಹಳೆಯ ನಕ್ಷೆಯಲ್ಲಿ ಗುರುತಿಸಿ, ಇಂದಿನ ನಕ್ಷೆಯ ಮೇಲಿಟ್ಟು, ಕೊನೆಗೆ ಕಾಲ್ನಡಿಗೆಯಲ್ಲಿ ಹೋಗಿ ಅಲ್ಲಿಂದ ಇದು ಕಾಣುತ್ತದೆಯೇ ಎಂದು ನೋಡಲೇಬೇಕು. ಕಾಡು ಬೆಳೆದಿರುವ ಕಡೆ ವಿಮಾನದಿಂದ ಲೇಸರ್ ಹಾಯಿಸಿ ಮಾಡುವ ಲೈಡಾರ್ ಸಮೀಕ್ಷೆ ವರದಾನ. ಎಲೆಗಳ ಮರೆಯಲ್ಲಿರುವ ಒಂದಡಿ ಎತ್ತರದ ಮಣ್ಣದಿಬ್ಬವೂ ಅದರಲ್ಲಿ ಗೆರೆಯಾಗಿ ಮೂಡುತ್ತದೆ.

ಪ್ರಶ್ನೆ: ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿಯಲ್ಲಿ ಹೆಸರು ಸೇರಿದರೆ ಆ ಜಾಗಕ್ಕೆ ರಕ್ಷಣೆ ಸಿಕ್ಕಂತೆ ತಾನೇ?

ಉತ್ತರ: ಅಲ್ಲ. ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ನೋಂದಣಿ ಒಂದು ಮಾನ್ಯತೆ, ಬೀಗವಲ್ಲ. ಕೇಂದ್ರ ಸರ್ಕಾರದ ಹಣವೋ ಪರವಾನಗಿಯೋ ಬೇಕಾಗುವ ಯೋಜನೆಯಾದರೆ 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ವಿಧಿಯಂತೆ ಪರಿಣಾಮ ಪರಿಶೀಲಿಸಬೇಕು. ಹಾಗೆ ಪರಿಶೀಲಿಸಿದ ಮೇಲೂ ಯೋಜನೆ ನಿಲ್ಲಲೇಬೇಕೆಂದಿಲ್ಲ. ಖಾಸಗಿ ಮಾಲೀಕ ಸ್ವಂತ ದುಡ್ಡಿನಲ್ಲಿ ಕಟ್ಟಲು ಹೊರಟರೆ ನೋಂದಣಿ ಅವನನ್ನು ತಡೆಯುವುದಿಲ್ಲ. ಅಲ್ಲಿ ಮಾತು ನಡೆಯುವುದು ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಆಡಳಿತದ ಭೂಬಳಕೆ ನಿಯಮದ್ದು. ಕೌಂಟಿಗೆ ಬೇಕಿರುವುದು ತೆರಿಗೆಯ ಆದಾಯ.

ವರ್ಜೀನಿಯಾದ ವೈಲ್ಡರ್‌ನೆಸ್ ರಣಭೂಮಿಯ ಪಕ್ಕ ವಾಲ್‌ಮಾರ್ಟ್ ಮಳಿಗೆಗೆ 2009ರಲ್ಲಿ ಆರೆಂಜ್ ಕೌಂಟಿ ಒಪ್ಪಿಗೆ ಕೊಟ್ಟದ್ದು ಹೀಗೆಯೇ. ಮೊಕದ್ದಮೆ ವಿಚಾರಣೆಗೆ ಬರುವ ಹೊತ್ತಿಗೆ, 2011ರ ಜನವರಿಯಲ್ಲಿ, ಕಂಪನಿಯೇ ಹಿಂದೆ ಸರಿದು ಬೇರೆ ಜಾಗ ನೋಡಿಕೊಂಡಿತು. ಮನಾಸಸ್‌ನಲ್ಲಿ ಪೆಟ್ಟು ಇನ್ನೂ ದೊಡ್ಡದು. ರಣಭೂಮಿಯನ್ನು ಉಳಿಸಿಟ್ಟಿರುವ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಮಾಲ್ ಕಟ್ಟಲು ಬುಲ್ಡೋಜರ್ ಇಳಿದ ಮೇಲೆ 1988ರಲ್ಲಿ ಸಂಸತ್ತು ಕಾನೂನು ಮಾಡಿ 542 ಎಕರೆಯನ್ನು ನೇರವಾಗಿ ವಶಕ್ಕೆ ತೆಗೆದುಕೊಂಡಿತು. ಪರಿಹಾರ 10 ಕೋಟಿ ಡಾಲರ್ ದಾಟಿತು. ಹೊಲವಾಗಿದ್ದಾಗಲೇ ಕೊಂಡಿದ್ದರೆ ಅದರ ಒಂದು ಪಾಲು ಸಾಕಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸಕ್ಕೆ ಬೀಳುವ ಬೆಲೆ ಇದು.

ಬಲವಂತದ ಭೂಸ್ವಾಧೀನಕ್ಕೆ ಕಾನೂನಿನ ಬಲ ಹಿಂದಿನಿಂದಲೂ ಇದೆ. ಗೆಟಿಸ್‌ಬರ್ಗ್‌ನಲ್ಲಿ ಟ್ರಾಮ್ ಹಳಿ ಹಾಕುತ್ತಿದ್ದ ಕಂಪನಿಯ ಪ್ರಕರಣದಲ್ಲಿ ರಣಭೂಮಿ ಉಳಿಸುವುದೂ ಸಾರ್ವಜನಿಕ ಉದ್ದೇಶವೇ ಎಂದು ಸುಪ್ರೀಂ ಕೋರ್ಟ್ 1896ರಲ್ಲೇ ಹೇಳಿದೆ. ಆದರೂ ಇಂದು ನಡೆಯುವ ಖರೀದಿ ಬಹುಪಾಲು ಮಾರಲು ಒಪ್ಪಿದವರಿಂದಲೇ. ನೆರೆಹೊರೆಯ ರೈತರನ್ನು ಎದುರು ಹಾಕಿಕೊಂಡರೆ ಮುಂದಿನ ಹತ್ತು ತುಂಡು ನೆಲ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ನೆಲ ಕೊಳ್ಳಲು ದುಡ್ಡು ಯಾರದು? ವ್ಯವಹಾರ ಯಾವ ಹಂತದಲ್ಲಿ ಮುರಿದುಬೀಳುತ್ತದೆ?

ಉತ್ತರ: ಅರ್ಧ ಸರ್ಕಾರದ್ದು, ಅರ್ಧ ಹೊಂದಿಸಿದ್ದು. ರಾಷ್ಟ್ರೀಯ ಉದ್ಯಾನ ಸೇವೆಯಡಿ ಇರುವ ಅಮೆರಿಕನ್ ರಣಭೂಮಿ ಸಂರಕ್ಷಣಾ ಕಾರ್ಯಕ್ರಮ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಖರೀದಿ ಅನುದಾನ ಕೊಡುತ್ತದೆ. ಸರ್ಕಾರೇತರ ಸಂಸ್ಥೆಗಳೂ ಇದರಲ್ಲಿ ಪಾಲ್ಗೊಳ್ಳುತ್ತವೆ. ಈ ಹಣದ ಮೂಲ ಸಮುದ್ರದೊಳಗಿನ ತೈಲ, ಅನಿಲ ಗುತ್ತಿಗೆಯ ಆದಾಯದಿಂದ ತುಂಬುವ ಭೂ-ಜಲ ಸಂರಕ್ಷಣಾ ನಿಧಿ. ಕೇಂದ್ರದ ಒಂದು ಡಾಲರಿಗೆ ಕೇಂದ್ರೇತರ ಮೂಲದ ಒಂದು ಡಾಲರ್ ಸೇರಿಸಬೇಕು. ನೆಲ ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗಿರಬೇಕು. ಕೊಂಡ ಮೇಲೆ ಅದಕ್ಕೆ ಶಾಶ್ವತ ಸಂರಕ್ಷಣಾ ಕರಾರು ಹೊಂದಿಸಬೇಕು.

ಮೊದಲು ಮಾಲೀಕನೊಂದಿಗೆ ಇಂತಿಷ್ಟು ತಿಂಗಳೊಳಗೆ ಇಂತಿಷ್ಟಕ್ಕೆ ಕೊಳ್ಳುವ ಹಕ್ಕನ್ನು ಬರೆಸಿಕೊಳ್ಳುತ್ತಾರೆ. ಬಳಿಕ ಕೇಂದ್ರದ ಮಾನದಂಡಕ್ಕೆ ಒಪ್ಪುವ ಮೌಲ್ಯಮಾಪನ, ಹಕ್ಕುಪತ್ರದ ಪರಿಶೀಲನೆ, ಹಳೆಯ ಎಣ್ಣೆ ತೊಟ್ಟಿ ಅಥವಾ ಕಸದ ಗುಂಡಿ ಇದೆಯೇ ಎಂಬ ಪರಿಸರ ತಪಾಸಣೆ, ಆಮೇಲೆ ಅನುದಾನದ ಅರ್ಜಿ. ಮುರಿಯುವುದು ಸಾಮಾನ್ಯವಾಗಿ ಎರಡು ಕಡೆ. ಮೌಲ್ಯಮಾಪಕ ಹೇಳಿದ ಬೆಲೆಗಿಂತ ಹೆಚ್ಚಿನದಕ್ಕೆ ಅನುದಾನ ಸಿಗುವುದಿಲ್ಲ. ಮಾಲೀಕನ ಮನಸ್ಸಿನಲ್ಲಿರುವುದೋ ಬಿಲ್ಡರ್ ಹೇಳಿಹೋದ ಬೆಲೆ. ಎರಡನೆಯದು ಕಾಲ. ಸರ್ಕಾರಿ ಕಡತ ತಿಂಗಳುಗಟ್ಟಲೆ ತೆವಳುತ್ತದೆ, ತಂದೆಯ ಆಸ್ತಿ ಹಂಚಿಕೊಳ್ಳಲು ಕೂತ ಮಕ್ಕಳು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೇ ಅನುಭವವಿರುವ ಸಂಸ್ಥೆಗಳು ಮೊದಲು ಸಾಲ ಮಾಡಿ ನೆಲ ಕೊಂಡು ಆಮೇಲೆ ತೀರಿಸಿಕೊಳ್ಳುತ್ತವೆ. ಫ್ರೆಡೆರಿಕ್ಸ್‌ಬರ್ಗ್‌ನ ಸ್ಲಾಟರ್ ಪೆನ್ ಫಾರ್ಮ್ ಎಂಬ 208 ಎಕರೆಯನ್ನು ಇಂದಿನ ಅಮೆರಿಕನ್ ಬ್ಯಾಟಲ್‌ಫೀಲ್ಡ್ ಟ್ರಸ್ಟ್ 2006ರಲ್ಲಿ 1 ಕೋಟಿ 20 ಲಕ್ಷ ಡಾಲರಿಗೆ ಕೊಂಡಿತು. ಆ ಸಾಲ ಪೂರ್ತಿ ತೀರಿದ್ದು 2022ರಲ್ಲಿ.

ಪ್ರಶ್ನೆ: ರೈತ ಮಾರುವುದೇ ಇಲ್ಲ, ಉಳುಮೆ ಮಾಡಿಕೊಂಡೇ ಇರುತ್ತೇನೆ ಎಂದರೆ?

ಉತ್ತರ: ಒಳ್ಳೆಯದೇ ಆಯಿತು. ಅವನು ಹೊಲ ನೋಡಿಕೊಳ್ಳುವಷ್ಟು ಅಗ್ಗವಾಗಿ ಬೇರೆ ಯಾರೂ ನೋಡಿಕೊಳ್ಳಲಾರರು. ಆಗ ಬಳಸುವುದು ಕನ್ಸರ್ವೇಷನ್ ಈಸ್‌ಮೆಂಟ್, ಅಂದರೆ ಸಂರಕ್ಷಣಾ ಕರಾರು. ನೆಲ ಅವನದೇ. ಮಾರಬಹುದು, ಮಕ್ಕಳಿಗೆ ಬಿಡಬಹುದು. ನಿವೇಶನ ಮಾಡುವ, ಗಣಿ ಅಗೆಯುವ, ದಿಣ್ಣೆ ಮಟ್ಟ ಮಾಡುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಆ ಷರತ್ತನ್ನು ಕಾಯುವ ಹೊಣೆ ರಾಜ್ಯದ ಇಲಾಖೆಯದೋ ಭೂ ಟ್ರಸ್ಟಿನದೋ.

ಲೆಕ್ಕ ಹೀಗೆ. ನಿವೇಶನ ಮಾಡಿದರೆ 10 ಲಕ್ಷ ಡಾಲರ್ ಬಾಳುವ ಹೊಲ ಕರಾರಿನ ನಂತರ 6 ಲಕ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ಕರಾರಿನ ಬೆಲೆ 4 ಲಕ್ಷ. ಅದನ್ನು ದಾನವಾಗಿ ಕೊಟ್ಟರೆ ಕೇಂದ್ರ ಆದಾಯ ತೆರಿಗೆಯಲ್ಲಿ ವರ್ಷದ ಆದಾಯದ ಶೇ 50ರವರೆಗೆ ಕಳೆಯಬಹುದು. ಉಳಿದದ್ದನ್ನು ಮುಂದಿನ 15 ವರ್ಷ ಎಳೆದುಕೊಂಡು ಹೋಗಬಹುದು. ಆದಾಯದಲ್ಲಿ ಹೆಚ್ಚಿನ ಪಾಲು ಬೇಸಾಯದ್ದೇ ಆದರೆ ಶೇ 100ರವರೆಗೂ ಅವಕಾಶವಿದೆ. ವರ್ಜೀನಿಯಾದಲ್ಲಿ ಇದರ ಮೇಲೆ ದಾನದ ಬೆಲೆಯ ಶೇ 40ರಷ್ಟು ರಾಜ್ಯ ತೆರಿಗೆ ಜಮೆ ಸಿಗುತ್ತದೆ.

ಕರಾರು ಕೆಡುವುದು ಭಾಷೆಯಲ್ಲಿ. 'ಸಾಮಾನ್ಯ ಬೇಸಾಯಕ್ಕೆ ಅಡ್ಡಿಯಿಲ್ಲ' ಎಂದು ಬರೆದು ಕೈತೊಳೆದುಕೊಂಡರೆ ಇಪ್ಪತ್ತು ವರ್ಷದ ಮೇಲೆ ಹೊಸ ಮಾಲೀಕ ಆಳ ಉಳುವ ನೇಗಿಲು ಹಾಕಿ ಈವರೆಗೆ ಕದಲದ ಮಣ್ಣಿನ ಪದರವನ್ನು ಬುಡಮೇಲು ಮಾಡುತ್ತಾನೆ. ಉಳುಮೆಯ ಆಳ, ಹೊಸ ಕೊಟ್ಟಿಗೆ ಎಲ್ಲಿ ಬರಬಹುದು, ಮೊಬೈಲ್ ಗೋಪುರ, ಸೌರಫಲಕ, ಮರ ಕಡಿತ, ಪೈಪು ಹೂಳುವುದು ಎಲ್ಲವನ್ನೂ ಹೆಸರಿಟ್ಟು ಬರೆಯಬೇಕು. ಸಹಿಯ ದಿನ ನೆಲ ಹೇಗಿತ್ತೆಂಬ ಫೋಟೊ, ನಕ್ಷೆಗಳ ಮೂಲ ದಾಖಲೆಗೆ ಎರಡೂ ಕಡೆಯವರು ಒಪ್ಪಿ ರುಜು ಹಾಕಿರಬೇಕು. ಅದಿಲ್ಲದೆ ಆಮೇಲೆ ಯಾವ ಉಲ್ಲಂಘನೆಯನ್ನೂ ಸಾಬೀತು ಮಾಡಲಾಗದು. ಇನ್ನೊಂದು ಗುಂಡಿ: ಹೊಲದ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕು ತನ್ನ ಹಕ್ಕು ಕರಾರಿನ ನಂತರದ್ದು ಎಂದು ಮೊದಲೇ ಬರೆದುಕೊಡಬೇಕು. ಇಲ್ಲವಾದರೆ ಸಾಲ ಕಟ್ಟದೆ ಹರಾಜಾದ ದಿನ ಕರಾರೂ ಅಳಿಸಿಹೋಗಬಹುದು.

ಪ್ರಶ್ನೆ: ಗೆಟಿಸ್‌ಬರ್ಗ್‌ನಲ್ಲಿ ಉದ್ಯಾನದವರೇ ನೂರಾರು ಎಕರೆ ಕಾಡು ಕಡಿದರಂತೆ. ಇದ್ಯಾವ ಸಂರಕ್ಷಣೆ?

ಉತ್ತರ: ಪ್ರಶ್ನೆ ನ್ಯಾಯವಾದದ್ದೇ. 1863ರಲ್ಲಿ ಬಯಲಾಗಿದ್ದ ಜಾಗಗಳಲ್ಲಿ, ಬೇಸಾಯ ನಿಂತ ಮೇಲೆ, ಮರ ತಾನಾಗಿ ಬೆಳೆದಿತ್ತು. ಲಿಟಲ್ ರೌಂಡ್ ಟಾಪ್ ಗುಡ್ಡದ ಪಶ್ಚಿಮ ಮುಖದ ಮರಗಳನ್ನು ಕದನಕ್ಕೆ ಮುಂಚೆಯೇ ಕಡಿದಿದ್ದರು. ಮೇಲಿಂದ ಕೆಳಗಿನ ಕಣಿವೆ ಚೆನ್ನಾಗಿ ಕಾಣುತ್ತಿದ್ದದ್ದು ಅದರಿಂದಲೇ. ಅಲ್ಲಿ ಮತ್ತೆ ಕಾಡು ಬೆಳೆಯಲು ಬಿಟ್ಟರೆ ಆ ಗುಡ್ಡಕ್ಕಾಗಿ ಏಕೆ ಬಡಿದಾಡಿದರು ಎಂಬುದೇ ಮರೆಯಾಗುತ್ತದೆ. 1999ರ ನಿರ್ವಹಣಾ ಯೋಜನೆಯಲ್ಲಿ 576 ಎಕರೆ ಮರ ತೆಗೆಯುವುದರ ಜೊತೆಗೇ ಕದನದ ಕಾಲದಲ್ಲಿದ್ದು ಆಮೇಲೆ ಕಳೆದುಹೋದ 115 ಎಕರೆ ಕಾಡನ್ನು ಮತ್ತೆ ಬೆಳೆಸುವುದು, 160 ಎಕರೆ ಹಣ್ಣಿನ ತೋಟ ಮತ್ತೆ ನೆಡುವುದು, 39 ಮೈಲಿ ಬೇಲಿ ಹಾಕುವುದು ಸೇರಿತ್ತು. ಮರ ಕಡಿದ ಸುದ್ದಿ ಮಾತ್ರ ದೂರ ಹೋಯಿತು.

ಇದನ್ನು ಮಾಡುವ ಕ್ರಮವೇ ಬೇರೆ. ಹಳೆಯ ನಕ್ಷೆ, ಕದನದ ನಂತರದ ಫೋಟೊ, ಜಮೀನಿನ ದಾಖಲೆ ಮೂರೂ ಒಪ್ಪಿದ ಕಡೆ ಮಾತ್ರ ಕೊಡಲಿ. ಕದನದ ಕಾಲದಿಂದಲೂ ನಿಂತಿರುವ ಸಾಕ್ಷಿಮರಗಳನ್ನು ಮೊದಲೇ ಗುರುತು ಮಾಡಿ ಅವುಗಳ ಬೇರಿನ ಹರವಿನೊಳಗೆ ಯಂತ್ರ ಹೋಗದಂತೆ ಹಗ್ಗ ಕಟ್ಟಬೇಕು. ಬುಡ ಕೀಳಬಾರದು, ನೆಲದ ಮಟ್ಟಕ್ಕೆ ಕತ್ತರಿಸಿ ಕೊಳೆಯಲು ಬಿಡಬೇಕು. ಹಳ್ಳದ ಅಂಚಿನ ಮರ ನೀರು ಶುದ್ಧವಾಗಿಡುತ್ತದೆ, ಆದ್ದರಿಂದ ಎತ್ತರದ ಮರ ತೆಗೆದರೂ ಪೊದೆ, ಹುಲ್ಲು ಉಳಿಸುತ್ತಾರೆ. ಕಡಿದ ಮೇಲಿನ ಎರಡು ಮೂರು ವರ್ಷವೇ ಕಷ್ಟದ ಕಾಲ. ಬಿಸಿಲು ಬಿದ್ದೊಡನೆ ಹೊರಗಿನಿಂದ ಬಂದ ಮುಳ್ಳುಪೊದೆ, ಬಳ್ಳಿ ನುಗ್ಗುತ್ತವೆ. ಆ ಹೊತ್ತಿಗೆ ಹುಲ್ಲು ಬಿತ್ತಿಯೋ ರೈತರಿಗೆ ಗುತ್ತಿಗೆ ಕೊಟ್ಟೋ ನೆಲ ಹಿಡಿಯದಿದ್ದರೆ ಮಾಡಿದ ಖರ್ಚು ನೀರಲ್ಲಿ ಹೋಮ. ಜಿಂಕೆ ಇನ್ನೊಂದು ಕಾಟ. ಅವು ಎಳೆ ಸಸಿಗಳನ್ನು ಮೇಯ್ದುಬಿಡುವುದರಿಂದ ಬೇಕಾದ ಕಾಡೂ ಏಳುತ್ತಿರಲಿಲ್ಲ. 1995ರಿಂದ ಗೆಟಿಸ್‌ಬರ್ಗ್ ಜಿಂಕೆಗಳ ಸಂಖ್ಯೆ ಇಳಿಸುತ್ತ ಬಂದಿದೆ.

ಪ್ರಶ್ನೆ: ಹಾಗಿದ್ದರೆ ಪೀಟರ್ಸ್‌ಬರ್ಗ್, ಸ್ಪಾಟ್‌ಸಿಲ್ವೇನಿಯಾಗಳ ಮಣ್ಣಿನ ಕಂದಕಗಳ ಮೇಲೆ ಮರ ಏಕೆ ಬಿಟ್ಟಿದ್ದಾರೆ? ಅವನ್ನೂ ಕಡಿದು ಹುಲ್ಲು ಹಾಸಿದರೆ ಚೊಕ್ಕವಾಗಿ ಕಾಣುತ್ತದಲ್ಲ?

ಉತ್ತರ: ಚೊಕ್ಕ ಮಾಡಲು ಹೋಗಿಯೇ ಎಷ್ಟೋ ಕಂದಕಗಳು ಹಾಳಾಗಿವೆ. ಕಂದಕ ತೋಡಿದ ಮಣ್ಣು ಪೇರಿಸಿದ ದಿಬ್ಬಕ್ಕೆ ದೊಡ್ಡ ವೈರಿ ಮಳೆಹನಿ. ಕಾಡಿನ ಕೆಳಗೆ ತರಗೆಲೆಯ ಹಾಸು ಆ ಹನಿಯ ಏಟನ್ನು ತಿನ್ನುತ್ತದೆ, ಸಣ್ಣ ಬೇರು ಮಣ್ಣನ್ನು ಹಿಡಿದಿಡುತ್ತದೆ. ಆದ್ದರಿಂದ ಮೊದಲ ನಿಯಮ ತರಗೆಲೆ ಗುಡಿಸಬೇಡಿ ಎಂಬುದು. ಎಲೆ ಸರಿದು ಮಣ್ಣು ಬೆತ್ತಲಾದ ಕಡೆ ಅಕ್ಕಪಕ್ಕದಿಂದಲೇ ಎಲೆ ತಂದು ಹರಡಬಹುದು.

ಅಪಾಯದ ಮರ ಬೇರೆ. ದಿಬ್ಬದ ನೆತ್ತಿಯಲ್ಲಿ ವಾಲಿ ನಿಂತ ದೊಡ್ಡ ಮರ ಬಿರುಗಾಳಿಗೆ ಉರುಳಿದರೆ ಬೇರಿನ ಜೊತೆ ದಿಬ್ಬವನ್ನೇ ಕಿತ್ತುಕೊಂಡು ಬೀಳುತ್ತದೆ. ಒಂದು ಮರಕ್ಕೆ ಹತ್ತಡಿ ದಿಬ್ಬ ಹೋಗಬಹುದು. ಅಂಥವನ್ನು ಪ್ರತಿವರ್ಷ ಗುರುತಿಸಿ, ನೆಲ ಒಣಗಿದಾಗ ಅಥವಾ ಚಳಿಗೆ ಹೆಪ್ಪುಗಟ್ಟಿದಾಗ, ತುಂಡು ತುಂಡಾಗಿ ಕತ್ತರಿಸಿ ಎತ್ತಿ ಒಯ್ಯಬೇಕು. ದಿಬ್ಬದ ಮೇಲೆ ಎಳೆದೊಯ್ಯುವ ಹಾಗಿಲ್ಲ. ಉರುಳಿದ ಮರದ ಬುಡದಲ್ಲಿ ಮಣ್ಣು ಇನ್ನೂ ಕಚ್ಚಿಕೊಂಡಿದ್ದರೆ ಕಾಂಡ ಕತ್ತರಿಸಿ ಬುಡವನ್ನು ನಿಧಾನವಾಗಿ ಹಿಂದಕ್ಕೆ ಕೂರಿಸಬಹುದು.

ಜನರಿಗೆ ತೋರಿಸಲೆಂದು ಕೆಲವು ಕಡೆ ಬಯಲು ಮಾಡಲೇಬೇಕಾಗುತ್ತದೆ. ಅಲ್ಲಿ ಮರವನ್ನು ಒಂದೇ ಏಟಿಗೆ ತೆಗೆಯದೆ ಹಂತಹಂತವಾಗಿ ತೆಗೆದು, ಆಳ ಬೇರಿನ ಸ್ಥಳೀಯ ಹುಲ್ಲು ಹಿಡಿಯಲು ಬಿಟ್ಟು, ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಎತ್ತರದಲ್ಲಿ ಸವರಬೇಕು. ಹುಲ್ಲುಹಾಸಿನಂತೆ ವಾರವಾರ ಮೆಷಿನ್ ಓಡಿಸಿದರೆ ಚಕ್ರ ನೆತ್ತಿಯನ್ನು ಬೋಳಿಸುತ್ತದೆ. ಮುಂದಿನ ಮಳೆಗೆ ಅಲ್ಲೇ ಕೊರಕಲು. ಗಿಡ್ಡ ಹುಲ್ಲು ಇನ್ನೊಂದು ತಪ್ಪಿಗೂ ಕರೆಯುತ್ತದೆ. ಅದನ್ನು ಕಂಡವರು ಮೇಲೆ ಹತ್ತುತ್ತಾರೆ, ಎತ್ತರದ ಹುಲ್ಲು ಕಂಡರೆ ಹತ್ತುವುದಿಲ್ಲ. ದಾಟಲೇಬೇಕಾದಲ್ಲಿ ಮರದ ಸೇತುವೆ ಹಾಕಿ. ಕಂದಕದ ತಳದಲ್ಲಿ ಕಾಲುದಾರಿ ಬೇಡ, ಅದು ಮಳೆಗಾಲದ ಕಾಲುವೆಯಾಗುತ್ತದೆ. ಗ್ರೌಂಡ್‌ಹಾಗ್ ಎಂಬ ಬಿಲ ತೋಡುವ ಪ್ರಾಣಿಗೂ ದಿಬ್ಬವೆಂದರೆ ಅಚ್ಚುಮೆಚ್ಚು. ಬಿಲ ಕಂಡ ಕೂಡಲೇ ಕ್ರಮ ಬೇಕು.

ಕುಸಿದ ದಿಬ್ಬಕ್ಕೆ ಹೊಸ ಮಣ್ಣು ಸುರಿದು 1864ರ ಎತ್ತರಕ್ಕೆ ತರೋಣ ಎಂಬ ಸಲಹೆ ಆಗಾಗ ಬರುತ್ತದೆ. ಬೇಡ. ಹಾಗೆ ಮಾಡಿದರೆ ಮೂಲ ಯಾವುದು, ನಮ್ಮದು ಯಾವುದು ಎಂದು ಮುಂದೆ ಯಾರಿಗೂ ಬಿಡಿಸಲಾಗದು. ಪೂರ್ಣ ರೂಪ ತೋರಿಸಬೇಕಿದ್ದರೆ ಕದನ ನಡೆಯದ ಕಡೆ ಪ್ರತಿಕೃತಿ ಕಟ್ಟಿಕೊಳ್ಳಲಿ.

ಪ್ರಶ್ನೆ: ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ಗುಂಡು ಹುಡುಕುವವರನ್ನು ಏಕೆ ಕಳ್ಳರಂತೆ ಕಾಣುತ್ತಾರೆ? ಮಣ್ಣಲ್ಲಿ ಕರಗುವುದಕ್ಕಿಂತ ಯಾರದೋ ಮನೆಯಲ್ಲಿ ಇರುವುದು ವಾಸಿಯಲ್ಲವೇ?

ಉತ್ತರ: ಗುಂಡಿನ ಬೆಲೆ ಇರುವುದು ಅದು ಬಿದ್ದಿರುವ ಜಾಗದಲ್ಲಿ. .58 ಅಂಗುಲದ ಸೀಸದ ಮಿನಿಯೇ ಗುಂಡು ಸುಮಾರು 32 ಗ್ರಾಂ ತೂಗುತ್ತದೆ. ಲಕ್ಷಾಂತರ ಇವೆ, ಒಂದೊಂದೂ ಇನ್ನೊಂದರಂತೆಯೇ. ಆದರೆ ಹಾರಿಸದೆ ಕೈಜಾರಿ ಬಿದ್ದ ಗುಂಡುಗಳು ಒಂದು ಗೆರೆಯಲ್ಲಿ ಸಿಕ್ಕರೆ ಅಲ್ಲಿ ಸೈನಿಕರ ಸಾಲು ನಿಂತು ತುಪಾಕಿಗೆ ಮದ್ದು ತುಂಬುತ್ತಿತ್ತು ಎಂದರ್ಥ. ನಳಿಗೆಯ ಸುರುಳಿ ಗೀರು ಬಿದ್ದು ಚಪ್ಪಟೆಯಾದವು ಇನ್ನೊಂದು ಗೆರೆಯಲ್ಲಿ ಸಿಕ್ಕರೆ ಅದು ಅವರ ಗುರಿ. ತಲೆಯಲ್ಲಿ ತಿರುಪಿನ ತೂತಿದ್ದರೆ ನಳಿಗೆಯಲ್ಲಿ ಸಿಕ್ಕಿಕೊಂಡದ್ದನ್ನು ಕೊರೆದು ತೆಗೆದದ್ದು. ಹೀಗೆ ಯಾವ ಅಧಿಕಾರಿಯೂ ಬರೆಯದ ವಿವರ ನೆಲದಿಂದ ಹೊರಬರುತ್ತದೆ. ಹವ್ಯಾಸಿಯೊಬ್ಬ ನಾಲ್ಕು ಭಾನುವಾರ ಕಿಸೆ ತುಂಬಿಕೊಂಡು ಹೋದರೆ ಆ ಗೆರೆ ಅಳಿಸಿತು.

ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವುದೇ ಅಪರಾಧ. ಕೇಂದ್ರ ಸರ್ಕಾರದ ನೆಲದಲ್ಲಿ ನೂರು ವರ್ಷ ದಾಟಿದ ಪುರಾವಸ್ತು ಅಗೆದರೆ 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯಡಿ ಜೈಲು ಮತ್ತು ದಂಡವಿದೆ. ಖಾಸಗಿ ನೆಲದಲ್ಲಿ ಮಾಲೀಕನ ಅನುಮತಿಯೇ ಸಾಕಾಗುತ್ತದೆ. ಕಾನೂನಿನ ದೊಡ್ಡ ಕಿಂಡಿ ಅದು.

ಡಿಟೆಕ್ಟರ್ ಎಂಬ ಸಾಧನವೇ ಕೆಟ್ಟದ್ದಲ್ಲ. 1984ರಲ್ಲಿ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ (ಇದು 1876ರ ಬೇರೆ ಯುದ್ಧದ ನೆಲ) ಪುರಾತತ್ವಜ್ಞರು ಅದನ್ನು ಕ್ರಮಬದ್ಧವಾಗಿ ಬಳಸಿ ತೋರಿಸಿದ ಮೇಲೆ ಅಂತರ್ಯುದ್ಧದ ನೆಲಗಳಲ್ಲೂ ಅದೇ ದಾರಿ. ನೆಲವನ್ನು ಎರಡು ಮೂರು ಮೀಟರ್ ಅಗಲದ ಪಟ್ಟಿಗಳಾಗಿ ಹಂಚಿ, ಪ್ರತಿ ಸದ್ದಿಗೂ ಬಾವುಟ ಚುಚ್ಚಿ, ಅಗೆಯುವ ತಂಡ ಹಿಂದಿನಿಂದ ಬರುತ್ತದೆ. ಹೆಚ್ಚಿನವು ನೇಗಿಲು ತಿರುವಿದ ಮೇಲಿನ 20-30 ಸೆಂಟಿಮೀಟರಿನಲ್ಲೇ ಇರುತ್ತವೆ. ಒಂದೊಂದಕ್ಕೂ ಒಂದು ಸಂಖ್ಯೆ, ಒಂದು ಚೀಲ, ಸರ್ವೆ ಉಪಕರಣದಲ್ಲಿ ಅಳೆದ ಸ್ಥಾನ. ಆಮೇಲೆ ಅದೇ ನೆಲವನ್ನು ಅಡ್ಡಲಾಗಿ ಇನ್ನೊಮ್ಮೆ ಹುಡುಕಬೇಕು, ಒಂದೇ ದಿಕ್ಕಿನಲ್ಲಿ ಹೋದರೆ ಬಹಳ ತಪ್ಪಿಹೋಗುತ್ತದೆ. ಹೊಸಬರು ಮಾಡುವ ತಪ್ಪೆಂದರೆ ಮೊಳೆಯ ಕಾಟ ತಪ್ಪಿಸಲು ಕಬ್ಬಿಣದ ಸದ್ದನ್ನು ಯಂತ್ರದಲ್ಲಿ ಅಡಗಿಸುವುದು. ಫಿರಂಗಿಯ ಸಿಡಿಚೂರು, ಡಬ್ಬಿಗುಂಡಿನ (ಡಬ್ಬಿಯಲ್ಲಿ ತುಂಬಿ ಫಿರಂಗಿಯಿಂದ ಹಾರಿಸುವ) ಉಂಡೆ ಎಲ್ಲ ಕಬ್ಬಿಣವೇ. ಅವನ್ನು ಅಡಗಿಸಿದರೆ ಫಿರಂಗಿದಳವೇ ಇರಲಿಲ್ಲವೆಂಬ ನಕ್ಷೆ ಬರುತ್ತದೆ.

ತೆಗೆದದ್ದನ್ನು ಇಡುವುದೂ ಕಲಿಯಬೇಕಾದ ಕೆಲಸ. ಸೀಸದ ಮೇಲಿನ ಬಿಳಿ ಪೊರೆ ಅದರ ಕವಚ, ಉಜ್ಜಬಾರದು. ಓಕ್ ಮರದ ಕಪಾಟು ನೋಡಲು ಚೆಂದ, ಆದರೆ ಆ ಮರದಿಂದ ಹೊಮ್ಮುವ ಆಮ್ಲದ ಆವಿ ಸೀಸವನ್ನು ಪುಡಿ ಮಾಡುತ್ತದೆ. ಲೋಹದ ಕಪಾಟು ಒಳ್ಳೆಯದು. ಕಬ್ಬಿಣವನ್ನು ಒಳಗಿನ ಉಪ್ಪು ತೆಗೆಯದೆ ಒಣಗಿಸಿಟ್ಟರೆ ಕೆಲ ತಿಂಗಳಲ್ಲಿ ಪದರ ಪದರವಾಗಿ ಸಿಡಿಯುತ್ತದೆ.

ಒಂದು ಎಚ್ಚರಿಕೆ. ಸ್ಫೋಟಿಸದ ಫಿರಂಗಿ ಶೆಲ್ ಕಂಡರೆ ಮುಟ್ಟಬಾರದು, ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಒಳಗಿನ ಕರಿಮದ್ದು 160 ವರ್ಷದ ಮೇಲೂ ಸಾಯುವುದಿಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಶೆಲ್ ಶುಚಿಗೊಳಿಸುವಾಗಲೇ ಪ್ರಾಣ ಕಳೆದುಕೊಂಡರು. 2023ರಲ್ಲಿ ಲಿಟಲ್ ರೌಂಡ್ ಟಾಪ್‌ನ ದುರಸ್ತಿ ವೇಳೆಯೂ ಒಂದು ಶೆಲ್ ಸಿಕ್ಕಿ ಸೇನೆಯ ತಂಡ ಬಂದು ಒಯ್ಯಬೇಕಾಯಿತು.

ಪ್ರಶ್ನೆ: ಅಂಕುಡೊಂಕು ಮರದ ಬೇಲಿಗೆ ಅಷ್ಟು ದುಡ್ಡು ಏಕೆ?

ಉತ್ತರ: ಬೇಲಿಯೇ ತಡೆಯಾಗಿತ್ತಲ್ಲ. ಗೆಟಿಸ್‌ಬರ್ಗ್‌ನಲ್ಲಿ ಕಾನ್ಫೆಡರೇಟ್ ಪಡೆ ನಡೆಸಿದ 1863ರ ಜುಲೈ 3ರ ಪಿಕೆಟ್ ದಾಳಿಯಲ್ಲಿ ಎಮಿಟ್ಸ್‌ಬರ್ಗ್ ರಸ್ತೆಯ ಗಟ್ಟಿ ಬೇಲಿ ಹತ್ತಿಳಿಯುವಾಗ ಬಿದ್ದವರು ಬಹಳ. ಅಂಕುಡೊಂಕು ಬೇಲಿಗೆ ಕಂಬವಿಲ್ಲ, ಮೊಳೆಯಿಲ್ಲ. ಸುಮಾರು 11 ಅಡಿಯ ಸೀಳು ಗಳುಗಳನ್ನು ಏಳೆಂಟು ಎತ್ತರಕ್ಕೆ ಹೆಣೆದು ಪೇರಿಸುತ್ತಾರೆ. ನೂರು ಅಡಿ ಉದ್ದಕ್ಕೆ 90-100 ಗಳು ಬೇಕು. ಮೂಲೆಗಳಡಿ ಕಲ್ಲಿಡದಿದ್ದರೆ ತಳದ ಗಳು ಮೊದಲು ಕೊಳೆತು ಇಡೀ ಬೇಲಿ ವಾಲುತ್ತದೆ. ಆಗ ಬಳಸುತ್ತಿದ್ದ ಅಮೆರಿಕನ್ ಚೆಸ್ಟ್‌ನಟ್ ಮರ 1904ರಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗಕ್ಕೆ ಕಾಡುಗಳಿಂದ ಹೆಚ್ಚುಕಡಿಮೆ ಇಲ್ಲವಾಯಿತು. ಈಗ ಓಕ್, ಲೋಕಸ್ಟ್ ಮರ. ಗರಗಸದಲ್ಲಿ ಕೊಯ್ದದ್ದು ಬೇಡ. ಸೀಳಿದ ಗಳು ನಾರಿನಗುಂಟ ಬಿರಿಯುವುದರಿಂದ ನೀರು ಕುಡಿಯುವುದು ಕಡಿಮೆ.

ಪ್ರಶ್ನೆ: ಊರು ಬೆಳೆದು ಮುಚ್ಚಿಹೋದ ರಣಭೂಮಿಯನ್ನು ಮರಳಿ ಪಡೆಯಲು ಸಾಧ್ಯವೇ?

ಉತ್ತರ: ತುಂಡು ತುಂಡಾಗಿ, ಬಲು ದುಬಾರಿಯಾಗಿ ಸಾಧ್ಯ. ಟೆನೆಸ್ಸಿಯ ಫ್ರಾಂಕ್ಲಿನ್‌ನಲ್ಲಿ 1864ರ ನವೆಂಬರ್ 30ರ ಕದನದ ತಿರುಳು ಭಾಗದ ಮೇಲೆ ಮನೆ, ಅಂಗಡಿ ಎದ್ದಿದ್ದವು. 2005ರಲ್ಲಿ ಅಲ್ಲಿನ ಪಿಜ್ಜಾ ಹಟ್ ಕಟ್ಟಡವನ್ನು ಕೊಂಡು ಕೆಡವಿದರು. ಅದೇ ಕಾಲಕ್ಕೆ ಪೂರ್ವದಂಚಿನ ಗಾಲ್ಫ್ ಮೈದಾನದ 112 ಎಕರೆ ಕೈಸೇರಿತು. ಆಮೇಲೆ ನಿವೇಶನ ನಿವೇಶನವಾಗಿ ಕೊಳ್ಳುತ್ತ ಬಂದರು. ಕಟ್ಟಡ ಕೆಡವುವಾಗ ಮೇಲಿನದ್ದನ್ನು ಮಾತ್ರ ತೆಗೆದು ನಿಲ್ಲಿಸಬೇಕು. ನೆಲಮಾಳಿಗೆ ಇಲ್ಲದ ಕಟ್ಟಡದ ಕೆಳಗೆ ಮುಚ್ಚಿಹೋದ ಕಂದಕದ ಕುರುಹು ಉಳಿದಿರಬಹುದು. ಪುರಾತತ್ವಜ್ಞರು ನೋಡಿದ ಮೇಲೆಯೇ ಕಾಂಕ್ರೀಟು ಎಬ್ಬಿಸಬೇಕು.

ಚಾಂಟಿಲಿಯಲ್ಲಿ ಆ ಭಾಗ್ಯವಿಲ್ಲ. ವಾಷಿಂಗ್ಟನ್ ಬಳಿಯ ಆ ನೆಲ 1980ರ ದಶಕದಲ್ಲಿ ಮನೆ, ರಸ್ತೆಗಳಿಗೆ ಹೋಗಿ ಉಳಿದದ್ದು ಐದು ಎಕರೆಯ ಪುಟ್ಟ ಉದ್ಯಾನ. ಆ ಪೆಟ್ಟಿನಿಂದಲೇ 1987ರಲ್ಲಿ ಮೊದಲ ರಾಷ್ಟ್ರಮಟ್ಟದ ರಣಭೂಮಿ ಖರೀದಿ ಸಂಘ ಹುಟ್ಟಿತು. ಗೆಟಿಸ್‌ಬರ್ಗ್‌ನಲ್ಲಿ ಖಾಸಗಿ ನೆಲದಲ್ಲಿ 1974ರಲ್ಲಿ ಎದ್ದ 300 ಅಡಿಗೂ ಎತ್ತರದ ವೀಕ್ಷಣಾ ಗೋಪುರವನ್ನು 2000ದ ಜುಲೈ 3ರಂದು ಸಿಡಿಮದ್ದಿಟ್ಟು ಉರುಳಿಸಿದರು. ನೋಟಕ್ಕೆ ಅಡ್ಡಿಯಾದದ್ದನ್ನು ಹೀಗೆ ತೆಗೆಯಬಹುದು, ಕೊರೆದ ದಿಣ್ಣೆಯನ್ನು ತರಲಾಗದು. ಈಗಿನ ಹೊಸ ತಲೆನೋವು ಡೇಟಾ ಸೆಂಟರ್‌ಗಳು. ಮನಾಸಸ್ ಪಕ್ಕ ಸುಮಾರು 2,100 ಎಕರೆಯ ಯೋಜನೆಗೆ ಕೌಂಟಿ 2023ರ ಡಿಸೆಂಬರಿನಲ್ಲಿ ಒಪ್ಪಿತು, ವಿವಾದ ಕೋರ್ಟಿನ ಮೆಟ್ಟಿಲೇರಿತು.

ಪ್ರಶ್ನೆ: ಇಂಥ ಕಡೆ ಸೇನೆಯ ಚಲನವಲನದ ಕಥೆ ಮಾತ್ರ ಹೇಳುತ್ತಾರೆ, ಗುಲಾಮಗಿರಿಯ ಮಾತೇ ಇಲ್ಲ ಎಂಬ ದೂರು ನಿಜವೇ?

ಉತ್ತರ: ದೀರ್ಘಕಾಲ ನಿಜವಾಗಿತ್ತು. ಮೊದಲ ರಣಭೂಮಿ ಉದ್ಯಾನಗಳನ್ನು 1890ರ ದಶಕದಲ್ಲಿ ರೂಪಿಸಿದವರು ಎರಡೂ ಕಡೆಯ ಮಾಜಿ ಸೈನಿಕರು, ನೋಡಿಕೊಂಡದ್ದು 1933ರವರೆಗೆ ಯುದ್ಧ ಇಲಾಖೆ. ಯಾವ ಪಡೆ ಎಲ್ಲಿ ನಿಂತಿತ್ತೆಂಬುದೇ ಅವರಿಗೆ ಮುಖ್ಯ, ಏಕೆ ಹೊಡೆದಾಡಿದರೆಂಬುದು ರಾಜಿಗೆ ತೊಡಕು. ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯನ್ನೂ ಸಂದರ್ಶಕರಿಗೆ ತಿಳಿಸಬೇಕೆಂದು ಸಂಸತ್ತು ಉದ್ಯಾನ ಸೇವೆಗೆ ಸೂಚಿಸಿದ್ದು 2000ನೇ ಆರ್ಥಿಕ ವರ್ಷದ ಅನುದಾನದ ಹೊತ್ತಿಗೆ. ಇದಕ್ಕೂ ನೆಲವೇ ಆಧಾರ. ಗೆಟಿಸ್‌ಬರ್ಗ್‌ನ ಸಿಮೆಟರಿ ರಿಜ್ ಮೇಲೆ ಅಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆ ಇಂದಿಗೂ ಇದೆ. ಕಾನ್ಫೆಡರೇಟ್ ಸೈನ್ಯ ಕಪ್ಪು ಜನರನ್ನು ಹಿಡಿದೊಯ್ಯುತ್ತಿದ್ದದ್ದರಿಂದ ಆ ಕುಟುಂಬ ಮೊದಲೇ ಊರು ಬಿಟ್ಟಿತ್ತು. ವರ್ಜೀನಿಯಾದ ನ್ಯೂ ಮಾರ್ಕೆಟ್ ಹೈಟ್ಸ್‌ನಲ್ಲಿ 1864ರ ಸೆಪ್ಟೆಂಬರ್ 29ರಂದು ಹೋರಾಡಿದ ಕಪ್ಪು ಸೈನಿಕರಲ್ಲಿ 14 ಮಂದಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದೆ. ಯಾವ ನೆಲ ಮೊದಲು ಕೊಳ್ಳಬೇಕೆಂಬ ಪಟ್ಟಿಯಲ್ಲಿ ಇಂಥವು ಹಿಂದೆ ಬಿದ್ದಿದ್ದವು.

ಪ್ರಶ್ನೆ: ಸಮವಸ್ತ್ರ ತೊಟ್ಟು ಕದನ ಮರುಪ್ರದರ್ಶಿಸುವವರು ಮೂಲ ನೆಲದಲ್ಲೇ ಆಡಬಹುದೇ? ಸಾಮಾನ್ಯರು ಬೇರೆ ಏನಾದರೂ ಮಾಡಬಹುದೇ?

ಉತ್ತರ: ರಾಷ್ಟ್ರೀಯ ಉದ್ಯಾನಗಳಲ್ಲಿ ಎದುರುಬದುರು ನಿಂತು ಗುಂಡು ಹಾರಿಸುವ ಅಣಕು ಕದನಕ್ಕೆ ಅವಕಾಶವಿಲ್ಲ. ಮದ್ದು ತುಂಬಿ ಗಾಳಿಯಲ್ಲಿ ಹಾರಿಸಿ ತೋರಿಸುವುದಕ್ಕೆ ನಿಯಮದಡಿ ಒಪ್ಪಿಗೆಯಿದೆ. ಮರುಪ್ರದರ್ಶನಗಳು ಪಕ್ಕದ ಖಾಸಗಿ ಹೊಲಗಳಲ್ಲಿ ನಡೆಯುತ್ತವೆ. ಕೈಲಾದ ಕೆಲಸ ಮಾಡಬೇಕೆಂದರೆ ಪ್ರತಿ ವಸಂತದಲ್ಲಿ 'ಪಾರ್ಕ್ ಡೇ' ಇದೆ, 1996ರಿಂದ ನಡೆಯುತ್ತಿದೆ. ಬೇಲಿ ಕಟ್ಟುವುದು, ಬಣ್ಣ ಬಳಿಯುವುದು, ಕಾಲುದಾರಿ ಸರಿಪಡಿಸುವುದು, ಕಸ ಹೆಕ್ಕುವುದು ಅಂದಿನ ಕೆಲಸ. ಕೈಗವಸು, ಗಟ್ಟಿ ಬೂಟು ತನ್ನಿ. ಸಲಿಕೆ ಉದ್ಯಾನದವರೇ ಕೊಟ್ಟರೆ, ಅವರು ತೋರಿಸಿದ ಜಾಗದಲ್ಲಷ್ಟೇ ಹಾಕಿ.